ಪ್ರತಿ ಸಲ ಇನ್ನೊಂದು ಒಪ್ಪಂದ: ಟಿಎಲ್‌ಪಿ ಮುಂದೆ ಪಾಕಿಸ್ತಾನದ ಸರ್ಕಾರಗಳು ಬಗ್ಗುತ್ತಾ ಬಂದ ಕಥೆ

ಟಿಎಲ್‌ಪಿ, ಅಂದ್ರೆ ತೆಹ್ರೀಕ್-ಎ-ಲಬ್ಬೈಕ್ ಪಾಕಿಸ್ತಾನ್ ಅನ್ನೋ ಧಾರ್ಮಿಕ ಪಕ್ಷದ ಹೆಸರು ನಮ್ಮ ಪೇಪರ್‌ಗಳಲ್ಲಿ ವರ್ಷಕ್ಕೆ ಒಂದೆರಡು ಸಲ ಬರುತ್ತೆ, ಲಾಹೋರ್‌ನಲ್ಲಿ ಗಲಾಟೆ, ಇಸ್ಲಾಮಾಬಾದ್ ರಸ್ತೆ ಬಂದ್, ಪೊಲೀಸರು ಸತ್ರು, ಇಂಟರ್ನೆಟ್ ಕಟ್ ಅಂತೆಲ್ಲ ಬರುತ್ತೆ, ಆಮೇಲೆ ಮೂರ್ನಾಲ್ಕು ದಿನ ಬಿಟ್ಟು ಮಾತುಕತೆ ಆಯ್ತು, ಧರಣಿ ವಾಪಸ್ ತಗೊಂಡ್ರು ಅಂತ ಒಳಪುಟದಲ್ಲಿ ಸಣ್ಣ ಸುದ್ದಿ, ಅಲ್ಲಿಗೆ ಎಲ್ಲರೂ ಮರೆತುಬಿಡ್ತಾರೆ. ಆ ಮಾತುಕತೆಯಲ್ಲಿ ಏನ್ ಕೊಟ್ರು, ಯಾರು ಸೈನ್ ಹಾಕಿದ್ರು ಅನ್ನೋದನ್ನ ಯಾರೂ ಕೇಳಲ್ಲ. ನಂಗೆ ಈ ಇಡೀ ಕಥೆ ಅರ್ಥ ಆಗಿದ್ದೇ ಆ ಒಪ್ಪಂದದ ಕಾಗದಗಳನ್ನ ಒಂದರ ಪಕ್ಕ ಒಂದು ಇಟ್ಟು ನೋಡಿದಾಗ. ಅದಕ್ಕೆ ಅದೇ ದಾರಿಯಲ್ಲಿ ಹೇಳ್ತೀನಿ, ಸ್ವಲ್ಪ ಉದ್ದ ಆಗುತ್ತೆ, ಆದ್ರೆ ಅರ್ಧ ಹೇಳಿದ್ರೆ ಅರ್ಥ ಆಗೋ ವಿಷಯ ಅಲ್ಲ ಇದು.

ಮೊದಲು ಕಾನೂನು. ಪಾಕಿಸ್ತಾನದ ಧರ್ಮನಿಂದನೆ ಕಾನೂನು ಪೂರ್ತಿ ಅಲ್ಲೇ ಹುಟ್ಟಿದ್ದಲ್ಲ, ಅದರ ಬೇರು ಬ್ರಿಟಿಷರ ಕಾಲದ ಇಂಡಿಯನ್ ಪೀನಲ್ ಕೋಡ್‌ನಲ್ಲಿದೆ. 1920ರ ದಶಕದಲ್ಲಿ ಲಾಹೋರ್‌ನಲ್ಲಿ ಪ್ರವಾದಿಯವರ ಬಗ್ಗೆ ಕೆಟ್ಟದಾಗಿ ಬರೆದ ಒಂದು ಪುಸ್ತಕದ ಮೇಲೆ ದೊಡ್ಡ ಗಲಾಟೆ ಆಯ್ತು, ಅದನ್ನ ಛಾಪಿಸಿದವನಿಗೆ ಶಿಕ್ಷೆ ಕೊಡೋಕೆ ಸರಿಯಾದ ಸೆಕ್ಷನ್ ಇಲ್ಲ ಅಂತ ಹೈಕೋರ್ಟ್ ಬಿಟ್ಟುಬಿಡ್ತು, ಆಗ 1927ರಲ್ಲಿ 295-ಎ ಅಂತ ಹೊಸ ಸೆಕ್ಷನ್ ತಂದ್ರು. ಇದೇ 295-ಎ ನಮ್ಮಲ್ಲೂ ಇತ್ತು, 2024ರ ಜುಲೈಯಿಂದ ಭಾರತೀಯ ನ್ಯಾಯ ಸಂಹಿತೆಯ 299ನೇ ಸೆಕ್ಷನ್ ಆಗಿ ಈಗಲೂ ಇದೆ. ಆದ್ರೆ ಆ ಸೆಕ್ಷನ್‌ನಲ್ಲಿ ಒಂದು ಕಟ್ಟುಪಾಡು ಇದೆ: ಬೇಕು ಅಂತಲೇ, ದುರುದ್ದೇಶದಿಂದ ಮಾಡಿದ್ರೆ ಮಾತ್ರ ಅಪರಾಧ. ಬಾಯಿತಪ್ಪಿ ಬಂದ ಮಾತು, ಗೊತ್ತಿಲ್ಲದೆ ಮಾಡಿದ ಕೆಲಸ ಇದರೊಳಗೆ ಬರಲ್ಲ.

ಜನರಲ್ ಜಿಯಾ ಉಲ್ ಹಕ್ ಬಂದ ಮೇಲೆ ಆ ಕಟ್ಟುಪಾಡು ಹೋಯ್ತು. 1982ರಲ್ಲಿ 295-ಬಿ, ಕುರಾನ್‌ಗೆ ಅವಮಾನ ಮಾಡಿದ್ರೆ ಜೀವಾವಧಿ. 1984ರಲ್ಲಿ, ಮುಸ್ಲಿಮರೇ ಅಲ್ಲ ಅಂತ ಪಾಕಿಸ್ತಾನ ಘೋಷಿಸಿದ್ದ ಅಹ್ಮದಿಯಾ ಪಂಥದವರು ತಮ್ಮನ್ನ ಮುಸ್ಲಿಮರು ಅಂತ ಹೇಳ್ಕೊಳ್ಳೋದೇ ಅಪರಾಧ. 1986ರಲ್ಲಿ 295-ಸಿ, ಪ್ರವಾದಿಯವರಿಗೆ ಅವಮಾನ ಮಾಡಿದ್ರೆ ಮರಣದಂಡನೆ ಅಥವಾ ಜೀವಾವಧಿ, 1990ರಲ್ಲಿ, ಕಾನೂನುಗಳು ಇಸ್ಲಾಂಗೆ ಸರಿಹೊಂದುತ್ವಾ ಅಂತ ನೋಡೋ ಫೆಡರಲ್ ಶರಿಯತ್ ಕೋರ್ಟ್ ಜೀವಾವಧಿ ಸಾಲಲ್ಲ ಮರಣದಂಡನೆ ಒಂದೇ ಅಂತು. ಈ 295-ಸಿಯಲ್ಲಿ ಉದ್ದೇಶದ ಮಾತೇ ಇಲ್ಲ. ನೇರವಾಗಿ ಆಗ್ಲಿ, ಪರೋಕ್ಷವಾಗಿ ಆಗ್ಲಿ, ಸೂಚ್ಯವಾಗಿ ಆಗ್ಲಿ ಅಂತ ಬರೆದಿದ್ದಾರೆ, ಅಂದ್ರೆ ಯಾರ ಯಾವ ಮಾತನ್ನ ಬೇಕಾದ್ರೂ ಇದರೊಳಗೆ ತುರುಕಬಹುದು. 1986ಕ್ಕೆ ಮುಂಚೆ ಬೆರಳೆಣಿಕೆಯಷ್ಟಿದ್ದ ಕೇಸ್‌ಗಳು ಆಮೇಲೆ ನೂರಾರು ಆದ್ವು. ಜಮೀನು ಜಗಳ, ಬಾಡಿಗೆ ಜಗಳ, ಹಳೇ ದ್ವೇಷ, ಯಾವುದಕ್ಕೂ ಇದೇ ಆಯುಧ.

ಇಷ್ಟೆಲ್ಲ ಆದ್ರೂ ಈ ಕಾನೂನಿನ ಕೆಳಗೆ ಕೋರ್ಟ್ ಕೊಟ್ಟ ಒಂದು ಗಲ್ಲುಶಿಕ್ಷೆಯೂ ಇವತ್ತಿನವರೆಗೆ ಜಾರಿ ಆಗಿಲ್ಲ. ಸಾಯ್ತಿರೋರೆಲ್ಲ ಹೊರಗೆ ಸಾಯ್ತಿದ್ದಾರೆ, ಬೀದಿಯಲ್ಲಿ, ಸ್ಟೇಷನ್‌ನಲ್ಲಿ, ಜೈಲಿನ ಒಳಗೆ. 1997ರಲ್ಲಿ ಲಾಹೋರ್ ಹೈಕೋರ್ಟ್‌ನ ನಿವೃತ್ತ ಜಡ್ಜ್ ಆರಿಫ್ ಇಕ್ಬಾಲ್ ಭಟ್ಟಿಯವರನ್ನ ಅವರ ಆಫೀಸ್‌ನಲ್ಲೇ ಗುಂಡು ಹಾರಿಸಿ ಕೊಂದ್ರು, ಅವರು ಮಾಡಿದ್ದು ಇಬ್ಬರು ಕ್ರೈಸ್ತ ಆರೋಪಿಗಳನ್ನ ಬಿಡುಗಡೆ ಮಾಡಿದ್ದು. 2014ರಲ್ಲಿ ಮುಲ್ತಾನ್‌ನಲ್ಲಿ ವಕೀಲ ರಶೀದ್ ರೆಹಮಾನ್ ಅವರನ್ನೂ ಆಫೀಸ್‌ನಲ್ಲೇ ಕೊಂದ್ರು, ಧರ್ಮನಿಂದನೆ ಆರೋಪ ಹೊತ್ತ ಒಬ್ಬ ಉಪನ್ಯಾಸಕನ ಕೇಸ್ ತಗೊಂಡಿದ್ದಕ್ಕೆ. ಇಂಥದ್ದು ಆದ ಮೇಲೆ ಕೆಳಗಿನ ಕೋರ್ಟ್‌ನ ಜಡ್ಜ್‌ಗೆ ಸುಲಭದ ದಾರಿ ಒಂದೇ: ಶಿಕ್ಷೆ ಬರೆದು ಕೇಸನ್ನ ಮೇಲಕ್ಕೆ ತಳ್ಳೋದು. ಮೇಲಿನ ಕೋರ್ಟ್‌ನವರು ವರ್ಷಗಟ್ಟಲೆ ದಿನಾಂಕ ಕೊಡ್ತಾ ಹೋಗ್ತಾರೆ. ಆರೋಪಿ ತಪ್ಪೇ ಮಾಡದೆ ಎಂಟು ಹತ್ತು ವರ್ಷ ಒಂಟಿ ಕೋಣೆಯಲ್ಲಿ ಕೂತಿರ್ತಾನೆ.

ಆಸಿಯಾ ಬೀಬಿ ಅಂಥದ್ದೇ ಕೇಸ್. ಪಂಜಾಬಿನ ಇತ್ತನ್‌ವಾಲಿ ಅನ್ನೋ ಹಳ್ಳಿಯ ಕ್ರೈಸ್ತ ಕೂಲಿ ಹೆಂಗಸು. 2009ರ ಜೂನ್‌ನಲ್ಲಿ ತೋಟದಲ್ಲಿ ಫಾಲ್ಸಾ ಹಣ್ಣು ಕೀಳೋವಾಗ ನೀರು ತಂದು ಕೊಟ್ಟಳು, ಅವಳು ಮುಟ್ಟಿದ ಲೋಟದಲ್ಲಿ ಕುಡಿಯಲ್ಲ ಅಂತ ಜೊತೆಯ ಹೆಂಗಸರು ಅಂದ್ರು, ಮಾತಿಗೆ ಮಾತು ಬೆಳೀತು, ಕೆಲವು ದಿನ ಬಿಟ್ಟು ಪ್ರವಾದಿಯವರನ್ನ ಬೈದಳು ಅಂತ ಕೇಸ್. ಮುಟ್ಟು-ಮೈಲಿಗೆಯ ಲೋಟ ಅಂದ್ರೆ ಏನು ಅಂತ ನಮ್ಮೂರುಗಳಲ್ಲಿ ಬೆಳೆದವರಿಗೆ ಬಿಡಿಸಿ ಹೇಳಬೇಕಿಲ್ಲ. 2010ರ ನವೆಂಬರ್‌ನಲ್ಲಿ ಅವಳಿಗೆ ಮರಣದಂಡನೆ ಆಯ್ತು.

ಆಗ ಪಂಜಾಬಿನ ಗವರ್ನರ್ ಆಗಿದ್ದವರು ಸಲ್ಮಾನ್ ತಾಸೀರ್. ಅವರು ಜೈಲಿಗೇ ಹೋಗಿ ಆಸಿಯಾ ಪಕ್ಕ ಕೂತು ಪ್ರೆಸ್‌ಮೀಟ್ ಮಾಡಿದ್ರು, ಇದು ಕಪ್ಪು ಕಾನೂನು ಅಂದ್ರು. ಅದೇ ಹೊತ್ತಿಗೆ ಆಗ ಅಧಿಕಾರದಲ್ಲಿದ್ದ ಪಾಕಿಸ್ತಾನ್ ಪೀಪಲ್ಸ್ ಪಾರ್ಟಿ, ಅಂದ್ರೆ ಪಿಪಿಪಿಯ ಶೆರ್ರಿ ರೆಹಮಾನ್ ಪಾರ್ಲಿಮೆಂಟಲ್ಲಿ ಕಾನೂನು ತಿದ್ದುಪಡಿಗೆ ಒಂದು ಖಾಸಗಿ ಮಸೂದೆ ಕೊಟ್ಟಿದ್ರು. 2011ರ ಜನವರಿ 4ನೇ ತಾರೀಖು ಇಸ್ಲಾಮಾಬಾದಿನ ಕೊಹ್ಸಾರ್ ಮಾರ್ಕೆಟ್‌ನಲ್ಲಿ ಊಟ ಮುಗಿಸಿ ಕಾರಿನ ಕಡೆ ಹೋಗ್ತಿದ್ದ ತಾಸೀರ್‌ಗೆ ಅವರ ಸ್ವಂತ ಅಂಗರಕ್ಷಕ ಮುಮ್ತಾಜ್ ಕಾದ್ರಿ ಗುಂಡು ಹಾರಿಸಿದ, ಇಪ್ಪತ್ತಕ್ಕೂ ಹೆಚ್ಚು ಗುಂಡು, ಜೊತೆಗಿದ್ದ ಬೇರೆ ಗಾರ್ಡ್‌ಗಳು ಅವನ ಮೇಲೆ ಒಂದು ಗುಂಡೂ ಹಾರಿಸಲಿಲ್ಲ. ಕಾದ್ರಿಯನ್ನ ಕೋರ್ಟಿಗೆ ಕರ್ಕೊಂಡು ಬಂದಾಗ ವಕೀಲರು ಗುಲಾಬಿ ಎಸಳು ಎರಚಿದ್ರು. ತಾಸೀರ್ ಅಂತ್ಯಸಂಸ್ಕಾರದ ನಮಾಜ್ ಮಾಡಿಸೋಕೆ ದೊಡ್ಡ ಮಸೀದಿಗಳ ಇಮಾಮ್‌ಗಳು ಬರಲ್ಲ ಅಂದ್ರು.

ಸರ್ಕಾರ ಏನ್ ಮಾಡ್ತು ಅನ್ನೋದು ಇಲ್ಲಿಂದ ಮುಖ್ಯ. ಸತ್ತವರು ಅದೇ ಪಿಪಿಪಿ ಸರ್ಕಾರದ ಗವರ್ನರ್. ಆದ್ರೂ ಪ್ರಧಾನಿ ಗಿಲಾನಿ ಈ ಕಾನೂನು ಬದಲಾಯಿಸೋ ಯೋಚನೆಯೇ ಇಲ್ಲ ಅಂತ ಹೇಳಿದ್ರು, ಫೆಬ್ರವರಿಯಲ್ಲಿ ಶೆರ್ರಿ ರೆಹಮಾನ್ ಕೈಲಿ ಮಸೂದೆ ವಾಪಸ್ ತೆಗೆಸಿದ್ರು. ಮಾರ್ಚ್ 2ಕ್ಕೆ ಅಲ್ಪಸಂಖ್ಯಾತರ ಮಂತ್ರಿ ಶಹಬಾಜ್ ಭಟ್ಟಿ, ಸಂಪುಟದಲ್ಲಿದ್ದ ಒಬ್ಬನೇ ಕ್ರೈಸ್ತ, ಅವರನ್ನೂ ಮನೆ ಹತ್ರ ಕೊಂದುಹಾಕಿದ್ರು. ಎರಡು ತಿಂಗಳಲ್ಲಿ ಎರಡು ದೊಡ್ಡ ಕೊಲೆ, ಅದರ ನಡುವೆ ಸರ್ಕಾರ ಕೊಟ್ಟ ಉತ್ತರ ಮಸೂದೆ ವಾಪಸ್. ಇದಕ್ಕೆ ಕಾಗದದ ಒಪ್ಪಂದ ಇರಲಿಲ್ಲ, ಆದ್ರೆ ನನ್ನ ಲೆಕ್ಕದಲ್ಲಿ ಮೊದಲನೇ ಒಪ್ಪಂದ ಇದೇ.

ಈಗ ಟಿಎಲ್‌ಪಿಗೆ ಬರ್ತೀನಿ. ಇದನ್ನ ಕಟ್ಟಿದವರು ಖಾದಿಮ್ ಹುಸೇನ್ ರಿಜ್ವಿ ಅನ್ನೋ ಮೌಲಾನಾ. ಲಾಹೋರ್‌ನ ಒಂದು ಮಸೀದಿಯಲ್ಲಿ ಪಂಜಾಬ್ ಸರ್ಕಾರದ ಔಕಾಫ್ (ವಕ್ಫ್) ಇಲಾಖೆಯ ಸಂಬಳ ತಗೊಂಡು ಖತೀಬ್, ಅಂದ್ರೆ ಶುಕ್ರವಾರದ ಪ್ರವಚನ ಮಾಡೋರು ಆಗಿದ್ದವರು, ಕಾದ್ರಿ ಪರವಾಗಿ ಭಾಷಣ ಮಾಡ್ತಾ ಮಾಡ್ತಾ ಕೆಲಸ ಹೋಯ್ತು. ಆಕ್ಸಿಡೆಂಟ್ ಆಗಿ ಗಾಲಿಕುರ್ಚಿಯಲ್ಲಿದ್ರು. ಪಂಜಾಬಿಯಲ್ಲಿ ಬೈಗುಳ ಸೇರಿಸಿ ಮಾತಾಡೋರು, ನಡುನಡುವೆ ಇಕ್ಬಾಲ್ ಕವಿತೆ ಹೇಳೋರು, ವಿಡಿಯೋಗಳು ಫೋನಿಂದ ಫೋನಿಗೆ ಹೋಗ್ತಿದ್ವು.

ಇಲ್ಲೊಂದು ವಿಷಯ ಹೊರಗಿನವರು ತುಂಬ ತಪ್ಪು ತಿಳ್ಕೊಂಡಿದ್ರು. ರಿಜ್ವಿ ಬರೇಲ್ವಿ ಪಂಥದವರು. ಬರೇಲ್ವಿಗಳು ಅಂದ್ರೆ ದರ್ಗಾಕ್ಕೆ ಹೋಗೋರು, ಉರುಸ್ ಮಾಡೋರು, ಕವ್ವಾಲಿ ಕೇಳೋರು, ನಮ್ಮ ಕಲಬುರಗಿಯ ಬಂದೇ ನವಾಜ್ ದರ್ಗಾದ ಉರುಸ್ ನೋಡಿದವರಿಗೆ ಆ ಲೋಕ ಪರಿಚಯ ಇರುತ್ತೆ. ತಾಲಿಬಾನ್ ಅವರೆಲ್ಲ ದೇವಬಂದಿ ಅನ್ನೋ ಇನ್ನೊಂದು ಪಂಥದ ಕಡೆಯವರು, ಅವರ ಕಡೆಯ ಉಗ್ರರು 2010ರಲ್ಲಿ ಲಾಹೋರ್‌ನ ದಾತಾ ದರ್ಬಾರ್ ದರ್ಗಾದಲ್ಲೇ ಆತ್ಮಾಹುತಿ ಬಾಂಬ್ ದಾಳಿ ಮಾಡಿದ್ರು. ಹಾಗಾಗಿ ಎಷ್ಟೋ ವರ್ಷ ಅಮೆರಿಕದವರು, ಪಾಕಿಸ್ತಾನದ ಅಧಿಕಾರಿಗಳು, ಎಲ್ಲರೂ ಬರೇಲ್ವಿಗಳನ್ನ ಬೆಳೆಸಿದ್ರೆ ಉಗ್ರವಾದ ತಾನಾಗೇ ಕಮ್ಮಿ ಆಗುತ್ತೆ ಅಂದ್ಕೊಂಡ್ರು. ಪ್ರವಾದಿಯವರ ಮೇಲಿನ ಪ್ರೀತಿ ಬರೇಲ್ವಿ ಭಕ್ತಿಯ ಹೃದಯ ಇದ್ದಂಗೆ, ರಿಜ್ವಿ ಕೈ ಹಾಕಿದ್ದು ಸರಿಯಾಗಿ ಅಲ್ಲಿಗೇ. ಆ ಪ್ರೀತಿ ನಿಜವಾದ್ದು, ಕೋಟ್ಯಂತರ ಸಾಮಾನ್ಯ ಜನರದ್ದು, ಅವರಲ್ಲಿ ಬಹುಪಾಲು ಜನ ಯಾರಿಗೂ ಕಲ್ಲು ಹೊಡೆದವರಲ್ಲ. ಆ ಪ್ರೀತಿಗೆ ಅಪಾಯ ಬಂದಿದೆ, ಕಾಯೋಕೆ ಯಾರೂ ಇಲ್ಲ, ನೀನೇ ಬೀದಿಗೆ ಬಾ ಅಂತ ದಿನಾ ಹೇಳಿದ್ರೆ ಏನಾಗುತ್ತೆ ಅನ್ನೋದನ್ನ ಪಾಕಿಸ್ತಾನ ನೋಡ್ತಾ ಇದೆ. ಉಗ್ರವಾದ ಒಂದು ಪಂಥದ ಹುಟ್ಟುಗುಣ ಅಂದ್ಕೊಂಡು ಕೂರೋದು ಎಷ್ಟು ಅಪಾಯ ಅಂತ ನಂಗೆ ಮನವರಿಕೆ ಆಗಿದ್ದು ಇಲ್ಲೇ.

2016ರ ಫೆಬ್ರವರಿ 29ಕ್ಕೆ ಕಾದ್ರಿಯನ್ನ ರಾವಲ್ಪಿಂಡಿಯ ಅಡಿಯಾಲಾ ಜೈಲಿನಲ್ಲಿ ಗಲ್ಲಿಗೆ ಹಾಕಿದ್ರು. ನವಾಜ್ ಶರೀಫ್ ಸರ್ಕಾರ. ಧೈರ್ಯದ ತೀರ್ಮಾನ ಅಂತಲೇ ಹೇಳಬೇಕು, ಆದ್ರೆ ಬೆಳಗಿನ ಜಾವ ಸದ್ದಿಲ್ಲದೆ ಮಾಡಿ ಮುಗಿಸಿದ್ರು, ಒಬ್ಬ ಗವರ್ನರ್‌ನನ್ನ ಕೊಂದವನಿಗೆ ಕಾನೂನು ಪ್ರಕಾರ ಶಿಕ್ಷೆ ಆಗಿದೆ, ತಾಸೀರ್ ತಪ್ಪು ಮಾಡಿರಲಿಲ್ಲ ಅಂತ ಯಾವ ಮಂತ್ರಿಯೂ ಜನರ ಮುಂದೆ ಎದೆಯೆತ್ತಿ ವಾದಿಸಲಿಲ್ಲ. ಟಿವಿಯವರಿಗೆ ಅಂತ್ಯಸಂಸ್ಕಾರ ತೋರಿಸಬೇಡಿ ಅಂದ್ರು. ಲಿಯಾಕತ್ ಬಾಗ್‌ನಲ್ಲಿ ಜನಸಾಗರ ಸೇರ್ತು. ತಿಂಗಳೊಳಗೆ ಸಾವಿರಾರು ಜನ ಇಸ್ಲಾಮಾಬಾದ್‌ನಲ್ಲಿ ಪಾರ್ಲಿಮೆಂಟ್ ಹತ್ರದ ಡಿ-ಚೌಕ್‌ಗೆ ಬಂದು ಕೂತ್ರು, ನಾಲ್ಕು ದಿನ ಆದ ಮೇಲೆ 295-ಸಿ ಮುಟ್ಟಲ್ಲ ಅನ್ನೋ ಭರವಸೆ ತಗೊಂಡು ಎದ್ದು ಹೋದ್ರು. ಕಾದ್ರಿಯ ಸಮಾಧಿ ಈಗ ಇಸ್ಲಾಮಾಬಾದ್ ಪಕ್ಕದ ಬಾರಾ ಕಹೂನಲ್ಲಿ ಒಂದು ದರ್ಗಾ ಆಗಿದೆ.

ಮುಂದಿನ ವರ್ಷ ಫೈಜಾಬಾದ್. ಈ ಕಥೆಯ ಮಧ್ಯದ ಗಂಟು ಇದೇ ಆದ್ರಿಂದ ಸ್ವಲ್ಪ ನಿಧಾನಕ್ಕೆ ಹೇಳ್ತೀನಿ. 2017ರ ಅಕ್ಟೋಬರ್‌ನಲ್ಲಿ ಹೊಸ ಚುನಾವಣಾ ಕಾಯ್ದೆ ಪಾಸ್ ಆಯ್ತು. ಅಭ್ಯರ್ಥಿಗಳು ತುಂಬೋ ಫಾರಂನಲ್ಲಿ ಮುಹಮ್ಮದರೇ ಕೊನೆಯ ಪ್ರವಾದಿ ಅನ್ನೋ ಘೋಷಣೆ ಇರುತ್ತೆ, ಅದರಲ್ಲಿ ಪ್ರಮಾಣ ಮಾಡ್ತೀನಿ ಅನ್ನೋ ಪದದ ಜಾಗದಲ್ಲಿ ಘೋಷಿಸ್ತೀನಿ ಅನ್ನೋ ಅರ್ಥದ ಪದ ಬಂತು. ಫಾರಂನಲ್ಲಿ ಆದ ಬದಲಾವಣೆ ಅಷ್ಟೇ. ಗಲಾಟೆ ಶುರು ಆದ ತಕ್ಷಣ ಸರ್ಕಾರ ಕಣ್ತಪ್ಪಿನಿಂದ ಆಗಿದೆ ಅಂತ ಕೆಲವೇ ದಿನದಲ್ಲಿ ಹಳೇ ಪದ ವಾಪಸ್ ಹಾಕಿಬಿಡ್ತು. ವಿಷಯ ಮುಗೀಬೇಕಿತ್ತು. ಆದ್ರೆ ರಿಜ್ವಿ ಕಾನೂನು ಮಂತ್ರಿ ಜಾಹಿದ್ ಹಮೀದ್ ರಾಜೀನಾಮೆ ಕೊಡಲೇಬೇಕು ಅಂತ ನವೆಂಬರ್‌ನಲ್ಲಿ ಬಂದು ಫೈಜಾಬಾದ್ ಇಂಟರ್‌ಚೇಂಜ್ ಮೇಲೆ ಕೂತ್ರು. ರಾವಲ್ಪಿಂಡಿ ಮತ್ತೆ ಇಸ್ಲಾಮಾಬಾದನ್ನ ಸೇರಿಸೋ ಮುಖ್ಯ ಜಾಗ ಅದು, ನಮ್ಮ ಹೆಬ್ಬಾಳದ ಫ್ಲೈಓವರ್ ಮೇಲೆ ಮೂರು ವಾರ ಯಾರಾದ್ರೂ ಟೆಂಟ್ ಹಾಕಿಕೊಂಡು ಕೂತ್ರೆ ಹೇಗಿರುತ್ತೋ ಹಾಗೆ. ಕೂತಿದ್ದವರು ಎರಡು ಮೂರು ಸಾವಿರ ಜನ. ಆಫೀಸ್, ಸ್ಕೂಲ್, ಆಸ್ಪತ್ರೆ ಎಲ್ಲದಕ್ಕೂ ಹೋಗೋರು ಸುತ್ತಿ ಬಳಸಿ ಹೋಗಬೇಕು, ದಾರಿ ಸಿಗದೆ ಆಸ್ಪತ್ರೆ ತಲುಪದೆ ಒಂದು ಮಗು ತೀರಿಕೊಂಡಿದ್ದು ಸುದ್ದಿ ಆಯ್ತು.

ಹೈಕೋರ್ಟ್ ರಸ್ತೆ ಬಿಡಿಸಿ ಅಂತು, ಸರ್ಕಾರ ಇವತ್ತು ನಾಳೆ ಅಂತ ದಿನ ದೂಡ್ತು. ಕೊನೆಗೆ ನವೆಂಬರ್ 25ಕ್ಕೆ ಪೊಲೀಸರನ್ನ ಬಿಟ್ರು, ಸಾವಿರಾರು ಪೊಲೀಸರು, ಅಶ್ರುವಾಯು, ಎಲ್ಲ ನಡೀತು, ಮಧ್ಯಾಹ್ನದ ಹೊತ್ತಿಗೆ ಪೊಲೀಸರೇ ಹಿಂದೆ ಸರಿದ್ರು. ಟಿವಿ ಚಾನೆಲ್‌ಗಳನ್ನ ಬಂದ್ ಮಾಡಿದ್ರು, ಫೇಸ್‌ಬುಕ್ ಯೂಟ್ಯೂಬ್ ಬ್ಲಾಕ್. ಗಲಾಟೆ ಬೇರೆ ಊರುಗಳಿಗೆ ಹಬ್ಬಿತು. ಸರ್ಕಾರ ಸೇನೆಯನ್ನ ಕರೀತು, ಸೇನೆ ಕಡೆಯಿಂದ ಬಂದ ಮಾತು ಏನಂದ್ರೆ ಎರಡೂ ಕಡೆಯವರು ಹಿಂಸೆ ಬಿಟ್ಟು ಶಾಂತಿಯಿಂದ ಬಗೆಹರಿಸಿಕೊಳ್ಳಿ ಅಂತ. ಚುನಾಯಿತ ಸರ್ಕಾರ ಮತ್ತೆ ರಸ್ತೆ ಕಟ್ಟಿದ ಗುಂಪು ಎರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟ ಹಾಗಾಯ್ತು.

27ನೇ ತಾರೀಖು ಒಪ್ಪಂದ. ಕಾನೂನು ಮಂತ್ರಿ ರಾಜೀನಾಮೆ, ಬಂಧಿತರ ಬಿಡುಗಡೆ, ಹಾಳಾದ ಆಸ್ತಿಗೆ ಸರ್ಕಾರವೇ ದುಡ್ಡು ಕಟ್ಟೋದು. ಕೆಳಗೆ ಗೃಹಮಂತ್ರಿ ಅಹ್ಸನ್ ಇಕ್ಬಾಲ್ ಸಹಿ, ರಿಜ್ವಿ ಸಹಿ, ಮತ್ತೆ ಮಧ್ಯಸ್ಥಿಕೆ ವಹಿಸಿದ್ದಕ್ಕೆ ಐಎಸ್‌ಐನ ಮೇಜರ್ ಜನರಲ್ ಫೈಜ್ ಹಮೀದ್ ಸಹಿ. ಸೇನಾ ಮುಖ್ಯಸ್ಥರಿಗೆ ಥ್ಯಾಂಕ್ಸ್ ಕೂಡ ಅದೇ ಕಾಗದದಲ್ಲಿ ಇತ್ತು. ಆಮೇಲೆ ಒಂದು ವಿಡಿಯೋ ಬಂತು, ರೇಂಜರ್ಸ್ ಅನ್ನೋ ಅರೆಸೇನಾ ಪಡೆಯ ಮುಖ್ಯಸ್ಥರು ಧರಣಿ ಮುಗಿಸಿ ಹೊರಟವರಿಗೆ ತಲಾ ಸಾವಿರ ರೂಪಾಯಿಯ ಕವರ್ ಕೊಡ್ತಾ, ನಾವೂ ನಿಮ್ಮ ಜೊತೆಗೇ ಇಲ್ವಾ ಅಂತ ಹೇಳ್ತಿರೋದು.

ಆರು ತಿಂಗಳು ಆಗೋದ್ರೊಳಗೆ, 2018ರ ಮೇ ತಿಂಗಳಲ್ಲಿ, ಆ ಕಾಗದಕ್ಕೆ ಸಹಿ ಹಾಕಿದ ಅದೇ ಅಹ್ಸನ್ ಇಕ್ಬಾಲ್‌ಗೆ ನಾರೋವಾಲ್‌ನ ಒಂದು ಸಭೆಯಲ್ಲಿ ಒಬ್ಬ ಯುವಕ ಗುಂಡು ಹೊಡೆದ. ಚುನಾವಣಾ ಕಾಯ್ದೆಯ ಆ ಪದದ ಸಿಟ್ಟಿಗೆ ಹೊಡೆದೆ ಅಂತ ಹೇಳಿದ, ಟಿಎಲ್‌ಪಿ ಜೊತೆ ಗುರುತಿಸಿಕೊಂಡಿದ್ದವನು. ಮಂತ್ರಿ ಬದುಕಿದ್ರು. ಬೇಡಿಕೆ ಪೂರ್ತಿ ಒಪ್ಪಿಕೊಂಡ್ರೂ ರಕ್ಷಣೆ ಸಿಗಲ್ಲ ಅಂತ ಇದಕ್ಕಿಂತ ಚೆನ್ನಾಗಿ ಯಾವ ಘಟನೆ ಹೇಳುತ್ತೋ ಗೊತ್ತಿಲ್ಲ ನಂಗೆ.

ಸರ್ಕಾರ ಯಾಕೆ ಇಷ್ಟು ಹೆದರ್ತು ಅನ್ನೋದಕ್ಕೆ ಉತ್ತರ ಬರೀ ಹೆದರಿಕೆ ಅಲ್ಲ. ಒಂದು, ಪಂಜಾಬಿನ ಬರೇಲ್ವಿ ವೋಟ್‌ಗಳು ಹಿಂದಿನಿಂದ ನವಾಜ್ ಶರೀಫ್ ಪಕ್ಷದ್ದು, ಅದು ಒಡೆದ್ರೆ ಸೀಟ್ ಹೋಗುತ್ತೆ. 2018ರ ಚುನಾವಣೆಯಲ್ಲಿ ಟಿಎಲ್‌ಪಿಗೆ ದೇಶದಲ್ಲಿ ಸುಮಾರು 22 ಲಕ್ಷ ವೋಟ್ ಬಂತು, ನ್ಯಾಷನಲ್ ಅಸೆಂಬ್ಲಿಯಲ್ಲಿ ಒಂದು ಸೀಟೂ ಬರಲಿಲ್ಲ, ಆದ್ರೆ ಎಷ್ಟೋ ಕಡೆ ಅವರ ವೋಟ್ ಗೆಲುವಿನ ಅಂತರಕ್ಕಿಂತ ಜಾಸ್ತಿ ಇತ್ತು. ಎರಡು, ವಿರೋಧ ಪಕ್ಷದಲ್ಲಿ ಯಾರೇ ಇದ್ರೂ ಗಲಾಟೆಗೆ ತುಪ್ಪ ಸುರಿದ್ರು. ಫೈಜಾಬಾದ್ ಹೊತ್ತಲ್ಲಿ ಇಮ್ರಾನ್ ಖಾನ್ ಪಕ್ಷಕ್ಕೆ ಧರಣಿಯವರ ಮೇಲೆ ಸಹಾನುಭೂತಿ ಇತ್ತು. ಮೂರು, ಚುನಾಯಿತ ಸರ್ಕಾರ ದುರ್ಬಲ ಆಗಿದ್ರೆ ಸೇನೆಗೆ ಲಾಭ. ಈ ಮೂರೂ ಒಟ್ಟಿಗೆ ಸೇರಿದ ಕಡೆ ಎರಡು ಸಾವಿರ ಜನ ಒಂದು ದೇಶದ ರಾಜಧಾನಿಯನ್ನ ಹಿಡಿದಿಡಬಹುದು.

ಇದನ್ನೆಲ್ಲ ಬರವಣಿಗೆಯಲ್ಲಿ ಹೇಳಿದವರು ಸುಪ್ರೀಂ ಕೋರ್ಟ್‌ನ ಜಸ್ಟಿಸ್ ಕಾಜಿ ಫಾಯಿಜ್ ಈಸಾ. 2019ರ ಫೆಬ್ರವರಿ 6ರ ಫೈಜಾಬಾದ್ ತೀರ್ಪಿನಲ್ಲಿ ಗುಪ್ತಚರ ಸಂಸ್ಥೆಗಳು ತಮ್ಮ ಮಿತಿಯಲ್ಲಿರಲಿ, ರಾಜಕೀಯ ಮಾಡಿದ ಸೇನಾ ಸಿಬ್ಬಂದಿ ಮೇಲೆ ಕ್ರಮ ತಗೊಳ್ಳಿ, ಬೇರೆಯವರ ಜೀವಕ್ಕೆ ಕುತ್ತು ತರೋ ಫತ್ವಾ ಕೊಡೋರ ಮೇಲೆ ಕೇಸ್ ಹಾಕಿ ಅಂತ ಬರೆದ್ರು. ನಾಲ್ಕು ತಿಂಗಳು ಕಳೆಯೋದ್ರೊಳಗೆ ಆಗಿನ ಇಮ್ರಾನ್ ಖಾನ್ ಸರ್ಕಾರ ಜಡ್ಜ್ ಮೇಲೇ ಆಸ್ತಿ ವಿಷಯದಲ್ಲಿ ದೂರು ಹಾಕಿ ಕೆಲಸದಿಂದ ತೆಗೆಯೋಕೆ ನೋಡ್ತು, ಅದು ಕೋರ್ಟಲ್ಲಿ ನಿಲ್ಲಲಿಲ್ಲ. ತೀರ್ಪು ಮರುಪರಿಶೀಲನೆ ಮಾಡಿ ಅಂತ ಹಾಕಿದ್ದ ಅರ್ಜಿಗಳು ನಾಲ್ಕು ವರ್ಷ ಹಾಗೇ ಬಿದ್ದಿದ್ವು. ತೀರ್ಪಿನಲ್ಲಿ ಹೇಳಿದ ಕೆಲಸ ಯಾವುದೂ ಆಗಲಿಲ್ಲ.

ಈ ತೀರ್ಪಿಗೆ ಮುಂಚೆಯೇ, 2018ರ ಆಗಸ್ಟ್‌ನಲ್ಲಿ, ಇಮ್ರಾನ್ ಖಾನ್ ಪ್ರಧಾನಿ ಆಗಿದ್ರು, ಅವರ ಸರದಿ ಬಂತು. ಬಂದ ಒಂದು ತಿಂಗಳೊಳಗೇ ಆರ್ಥಿಕ ಸಲಹಾ ಸಮಿತಿಗೆ ಹಾಕಿದ್ದ ಪ್ರಿನ್ಸ್‌ಟನ್ ಪ್ರೊಫೆಸರ್ ಆತಿಫ್ ಮಿಯಾನ್ ಅಹ್ಮದಿಯಾ ಅಂತ ಗಲಾಟೆ ಆಯ್ತು, ಮೊದಲು ಸಮರ್ಥಿಸಿಕೊಂಡ್ರು, ಕೆಲವೇ ದಿನದಲ್ಲಿ ತೆಗೆದ್ರು. ಅದೇ ವರ್ಷ ಅಕ್ಟೋಬರ್ 31ಕ್ಕೆ ಸುಪ್ರೀಂ ಕೋರ್ಟ್ ಆಸಿಯಾ ಬೀಬಿಯನ್ನ ನಿರ್ದೋಷಿ ಅಂತ ಬಿಡುಗಡೆ ಮಾಡ್ತು. ಟಿಎಲ್‌ಪಿಯ ಒಬ್ಬ ನಾಯಕರು ತೀರ್ಪು ಕೊಟ್ಟ ಮೂವರು ಜಡ್ಜ್‌ಗಳು ಕೊಲ್ಲಲು ಅರ್ಹರು ಅಂದ್ರು, ಸೈನಿಕರೇ ದಂಗೆ ಏಳಿ ಅಂದ್ರು. ಅವತ್ತು ರಾತ್ರಿ ಇಮ್ರಾನ್ ಟಿವಿಯಲ್ಲಿ ಬಂದು ಪ್ರಭುತ್ವವನ್ನ ಕೆಣಕಬೇಡಿ ಅಂತ ಗಟ್ಟಿಯಾಗಿ ಮಾತಾಡಿದ್ರು. ಕೇಳಿದವರಿಗೆ ಈ ಸಲ ಬೇರೆ ಆಗುತ್ತೆ ಅನ್ನಿಸ್ತು. ನವೆಂಬರ್ 2ಕ್ಕೆ ಒಪ್ಪಂದ: ತೀರ್ಪಿನ ವಿರುದ್ಧ ಮರುಪರಿಶೀಲನೆ ಅರ್ಜಿಗೆ ಸರ್ಕಾರ ಅಡ್ಡಿ ಮಾಡಲ್ಲ, ಆಸಿಯಾ ದೇಶ ಬಿಡದಂತೆ ಪಟ್ಟಿಗೆ ಸೇರಿಸೋ ಪ್ರಕ್ರಿಯೆ ಶುರು ಮಾಡ್ತೀವಿ ಅಂತ. ದೇಶದ ಅತಿ ದೊಡ್ಡ ಕೋರ್ಟ್ ನಿರ್ದೋಷಿ ಅಂದ ಹೆಂಗಸಿನ ಬಗ್ಗೆ ಸರ್ಕಾರ ಹಾಕಿದ ಸಹಿ ಅದು. ಅವಳ ವಕೀಲರು ಜೀವ ಉಳಿಸಿಕೊಳ್ಳೋಕೆ ನೆದರ್‌ಲ್ಯಾಂಡ್ಸ್‌ಗೆ ಓಡಿಹೋದ್ರು. ಆಸಿಯಾ ಕೆನಡಾ ತಲುಪಿದ್ದು 2019ರ ಮೇ ತಿಂಗಳಲ್ಲಿ. ಆ ಒಪ್ಪಂದ ಆದ ಮೂರು ವಾರಕ್ಕೆ ಸರ್ಕಾರ ರಿಜ್ವಿ ಸಮೇತ ನೂರಾರು ಜನರನ್ನ ಹಿಡಿದು ಒಳಗೆ ಹಾಕ್ತು, ಕೆಲವು ತಿಂಗಳು ಬಿಟ್ಟು ಜಾಮೀನಿನ ಮೇಲೆ ಹೊರಗೆ ಬಂದ್ರು, ಮತ್ತೆ ಭಾಷಣ ಶುರು.

2020ರ ಕೊನೆಯಲ್ಲಿ ಫ್ರಾನ್ಸ್‌ನಲ್ಲಿ ಪ್ರವಾದಿಯವರ ವ್ಯಂಗ್ಯಚಿತ್ರಗಳ ವಿಷಯ ಎದ್ದಾಗ ಮತ್ತೆ ಅದೇ ಫೈಜಾಬಾದ್, ಮತ್ತೆ ಧರಣಿ. ಈ ಸಲ ಒಪ್ಪಂದದಲ್ಲಿ ಬರೆದದ್ದು ನೋಡಿ: ಮೂರು ತಿಂಗಳೊಳಗೆ ಪಾರ್ಲಿಮೆಂಟ್ ಮೂಲಕ ಫ್ರಾನ್ಸ್ ರಾಯಭಾರಿಯನ್ನ ದೇಶದಿಂದ ಕಳಿಸೋ ತೀರ್ಮಾನ ಮಾಡ್ತೀವಿ ಅಂತ. ಯಾವ ಸರ್ಕಾರಕ್ಕೂ ಮಾಡೋಕೆ ಆಗದ ಕೆಲಸ ಇದು ಅಂತ ಸಹಿ ಹಾಕಿದವರಿಗೂ ಗೊತ್ತಿತ್ತು, ಅವತ್ತಿನ ರಸ್ತೆ ಖಾಲಿ ಆದ್ರೆ ಸಾಕಾಗಿತ್ತು ಅವರಿಗೆ. ಎರಡು ಮೂರು ದಿನದಲ್ಲಿ ಖಾದಿಮ್ ರಿಜ್ವಿ ತೀರಿಕೊಂಡ್ರು, ಮಗ ಸಾದ್ ರಿಜ್ವಿ ನಾಯಕ ಆದ್ರು. ಫೆಬ್ರವರಿ ಬಂತು, ಗಡುವನ್ನ ಏಪ್ರಿಲ್ 20ಕ್ಕೆ ಮುಂದಕ್ಕೆ ಹಾಕಿ ಇನ್ನೊಂದು ಕಾಗದ. ಏಪ್ರಿಲ್ ಹತ್ರ ಬರ್ತಿದ್ದಂಗೆ ಸಾದ್ ಅವರನ್ನ ಅರೆಸ್ಟ್ ಮಾಡಿದ್ರು, ದೇಶದ ತುಂಬ ಗಲಭೆ, ಏಪ್ರಿಲ್ 15ಕ್ಕೆ ಭಯೋತ್ಪಾದನಾ ವಿರೋಧಿ ಕಾಯ್ದೆಯಲ್ಲಿ ಟಿಎಲ್‌ಪಿ ನಿಷೇಧ, ಫ್ರಾನ್ಸ್ ತನ್ನ ಪ್ರಜೆಗಳಿಗೆ ಪಾಕಿಸ್ತಾನ ಬಿಡಿ ಅಂತು, ಲಾಹೋರ್‌ನಲ್ಲಿ ಪೊಲೀಸರನ್ನೇ ಎಳ್ಕೊಂಡು ಹೋಗಿ ಒತ್ತೆ ಇಟ್ಕೊಂಡ್ರು. ಇಮ್ರಾನ್ ಟಿವಿಯಲ್ಲಿ ಬಂದು ರಾಯಭಾರಿಯನ್ನ ಕಳಿಸಿದ್ರೆ ಯುರೋಪಿನ ಜೊತೆ ಸಂಬಂಧ ಕೆಡುತ್ತೆ, ಜವಳಿ ರಫ್ತು ಅರ್ಧ ಅಲ್ಲಿಗೇ ಹೋಗುತ್ತೆ ಅಂತ ಲೆಕ್ಕ ಬಿಡಿಸಿ ಹೇಳಿದ್ರು. ಆ ಲೆಕ್ಕ ನವೆಂಬರ್‌ನಲ್ಲಿ ಸಹಿ ಹಾಕೋವಾಗಲೂ ಹಾಗೇ ಇತ್ತಲ್ಲ. ಮಾರನೇ ದಿನ, ನಿಷೇಧ ಆಗಿರೋ ಸಂಘಟನೆಯ ಬೇಡಿಕೆಯ ಮೇಲೆ ಪಾರ್ಲಿಮೆಂಟಲ್ಲಿ ನಿರ್ಣಯ ಮಂಡನೆ ಆಯ್ತು.

ಅಕ್ಟೋಬರ್‌ನಲ್ಲಿ ಲಾಹೋರ್‌ನಿಂದ ಇಸ್ಲಾಮಾಬಾದ್ ಕಡೆ ಮೆರವಣಿಗೆ. ದಾರಿಯಲ್ಲಿ ಹಲವು ಪೊಲೀಸರು ಸತ್ರು. ಮಾಹಿತಿ ಮಂತ್ರಿ ಫವಾದ್ ಚೌಧರಿ ಇನ್ಮೇಲೆ ಇವರನ್ನ ಉಗ್ರ ಸಂಘಟನೆ ಅಂತಲೇ ನೋಡ್ತೀವಿ, ಪಕ್ಷ ಅಂತ ಅಲ್ಲ ಅಂದ್ರು. ಕೆಲವೇ ದಿನದಲ್ಲಿ, ಅಕ್ಟೋಬರ್ 31ಕ್ಕೆ, ಒಪ್ಪಂದ ಆಗಿದೆ ಅಂತ ಮೌಲಾನಾ ಮುಫ್ತಿ ಮುನೀಬ್ ಉರ್ ರೆಹಮಾನ್ ಪ್ರಕಟಿಸಿದ್ರು, ಪಕ್ಕದಲ್ಲಿ ವಿದೇಶಾಂಗ ಮಂತ್ರಿ, ನ್ಯಾಷನಲ್ ಅಸೆಂಬ್ಲಿಯ ಸ್ಪೀಕರ್ ಕೂತಿದ್ರು, ಒಪ್ಪಂದದಲ್ಲಿ ಏನಿದೆ ಅಂತ ಮಾತ್ರ ಹೇಳಲ್ಲ ಅಂದ್ರು. ನವೆಂಬರ್ 7ಕ್ಕೆ ನಿಷೇಧ ವಾಪಸ್, 18ಕ್ಕೆ ಸಾದ್ ಬಿಡುಗಡೆ. ಸತ್ತ ಪೊಲೀಸರ ಮನೆಯವರು ಅವತ್ತು ಟಿವಿ ನೋಡ್ತಾ ಏನ್ ಅನ್ಕೊಂಡಿರಬಹುದು ಅಂತ ನಾನು ಎಷ್ಟೋ ಸಲ ಯೋಚಿಸಿದ್ದೀನಿ. ಕಾನ್‌ಸ್ಟೇಬಲ್‌ಗೆ ತಡೀರಿ ಅಂತ ಆರ್ಡರ್ ಕೊಡೋದು, ಅವನು ಸತ್ತ ಮೇಲೆ ಕೊಂದವರ ಜೊತೆ ಗುಟ್ಟಾಗಿ ಸಹಿ ಹಾಕೋದು. ಮುಂದಿನ ಸಲ ಗುಂಪು ಬಂದಾಗ ಅವನ ಜೊತೆಯವನು ಯಾಕೆ ಎದುರು ನಿಲ್ತಾನೆ?

ಮೇಲಿನ ಹಂತದ ಈ ವ್ಯವಹಾರ ಕೆಳಗಿನ ಬೀದಿಗೆ ಇಳಿಯೋದು ಹೀಗೇ. ಅದೇ ವರ್ಷ ಡಿಸೆಂಬರ್ 3ಕ್ಕೆ ಸಿಯಾಲ್‌ಕೋಟ್‌ನ ಒಂದು ಫ್ಯಾಕ್ಟರಿಯಲ್ಲಿ ಶ್ರೀಲಂಕಾದಿಂದ ಬಂದು ಕೆಲಸ ಮಾಡ್ತಿದ್ದ ಮ್ಯಾನೇಜರ್ ಒಬ್ಬರು ಮಿಷನ್ ಮೇಲೆ ಅಂಟಿಸಿದ್ದ ಧಾರ್ಮಿಕ ಸ್ಟಿಕರ್ ತೆಗೆಸಿದ್ರು ಅಂತ ಗುಂಪು ಅವರನ್ನ ಹೊಡೆದು ಕೊಂದು ಬೆಂಕಿ ಹಚ್ಚಿ ಮುಂದೆ ನಿಂತು ಸೆಲ್ಫಿ ತಗೊಂಡ್ರು, ಕೂಗ್ತಿದ್ದ ಘೋಷಣೆ ಟಿಎಲ್‌ಪಿಯದ್ದೇ. ಒಬ್ಬ ಸಹೋದ್ಯೋಗಿ ಮಾತ್ರ ಅವರ ಮೈಮೇಲೆ ಬಿದ್ದು ಉಳಿಸೋಕೆ ನೋಡಿದ. ರಕ್ಷಣಾ ಮಂತ್ರಿ ಪರ್ವೇಜ್ ಖಟ್ಟಕ್ ಹುಡುಗರು ಆವೇಶದಲ್ಲಿ ಇಂಥದ್ದು ಮಾಡಿಬಿಡ್ತಾರೆ ಅನ್ನೋ ಥರ ಮಾತಾಡಿದ್ರು. ಇದರಲ್ಲಿ ಕೋರ್ಟ್ ಬೇಗ ಕೆಲಸ ಮಾಡ್ತು ಅನ್ನೋದನ್ನೂ ಹೇಳಬೇಕು, ಐದು ತಿಂಗಳಲ್ಲಿ ಆರು ಜನಕ್ಕೆ ಮರಣದಂಡನೆ, ಒಂಬತ್ತು ಜನಕ್ಕೆ ಜೀವಾವಧಿ. ಸತ್ತವರು ವಿದೇಶಿ, ಇಡೀ ಜಗತ್ತು ನೋಡ್ತಿತ್ತು.

2023ರ ಆಗಸ್ಟ್ 16ಕ್ಕೆ ಫೈಸಲಾಬಾದ್ ಹತ್ರದ ಜರಾನ್‌ವಾಲಾದಲ್ಲಿ ಕುರಾನಿನ ಹಾಳೆ ಹರಿದಿದ್ದಾರೆ ಅಂತ ಮಸೀದಿ ಮೈಕಲ್ಲಿ ಕೂಗಿ ಜನ ಸೇರಿಸಿ ಕ್ರೈಸ್ತರ ಕಾಲೋನಿಗಳಿಗೆ ನುಗ್ಗಿ ಇಪ್ಪತ್ತಕ್ಕೂ ಹೆಚ್ಚು ಚರ್ಚ್, ಹತ್ತಾರು ಮನೆ ಸುಟ್ರು. ಅಲ್ಲಿನ ಜನ ಓಡಿಹೋಗಿ ಕಬ್ಬಿನ ಗದ್ದೆಯಲ್ಲಿ ಅಡಗಿ ಕೂತಿದ್ದಕ್ಕೆ ಜೀವ ಉಳೀತು. ಮನೆಗೆ ಇಪ್ಪತ್ತು ಲಕ್ಷ ಪರಿಹಾರ ಕೊಟ್ರು, ಬಂಧಿಸಿದ ನೂರಾರು ಜನರಲ್ಲಿ ಹೆಚ್ಚಿನವರು ಒಬ್ಬೊಬ್ಬರಾಗಿ ಹೊರಗೆ ಬಂದ್ರು. 2024ರ ಸೆಪ್ಟೆಂಬರ್‌ನಲ್ಲಿ ಸಿಂಧ್‌ನ ಉಮರ್‌ಕೋಟ್‌ನ ಒಬ್ಬ ಡಾಕ್ಟರ್ ಫೇಸ್‌ಬುಕ್ ಪೋಸ್ಟ್ ಆರೋಪದಲ್ಲಿ ಪೊಲೀಸರ ಗುಂಡಿಗೇ ಸತ್ರು, ಎನ್‌ಕೌಂಟರ್ ಅಂದ್ರು, ಸರ್ಕಾರಿ ತನಿಖೆಯಲ್ಲೇ ಅದು ನಾಟಕ ಅಂತ ಬಂತು, ಅಷ್ಟೊತ್ತಿಗೆ ಆ ಪೊಲೀಸರಿಗೆ ಜನ ಹೂಮಾಲೆ ಹಾಕಿದ್ದು ವಿಡಿಯೋದಲ್ಲಿ ಎಲ್ಲರೂ ನೋಡಿಯಾಗಿತ್ತು. ತಡೀಬೇಕಾದ ಕೈಯೇ ಗುಂಪಿನ ಕೈ ಆಗೋಕೆ ಎಷ್ಟು ವರ್ಷ ಬೇಕಾಯ್ತು ಅಂತ ಲೆಕ್ಕ ಹಾಕಿದ್ರೆ, ತಾಸೀರ್ ಅಂಗರಕ್ಷಕನೂ ಪೊಲೀಸೇ.

ಫೈಜಾಬಾದ್ ತೀರ್ಪು ಬರೆದ ಈಸಾ ಮುಂದೆ ಚೀಫ್ ಜಸ್ಟಿಸ್ ಆದ್ರು. ಒಬ್ಬ ಅಹ್ಮದಿಯಾ ಆರೋಪಿಗೆ ಜಾಮೀನು ಕೊಟ್ಟಿದ್ದಕ್ಕೆ 2024ರ ಜುಲೈಯಲ್ಲಿ ಟಿಎಲ್‌ಪಿಯ ಉಪನಾಯಕ ಅವರ ತಲೆಗೆ ಒಂದು ಕೋಟಿ ರೂಪಾಯಿ ಕಟ್ಟಿದ. ಅವನನ್ನ ಅರೆಸ್ಟ್ ಮಾಡಿದ್ರು, ಮಂತ್ರಿಗಳು ಖಂಡಿಸಿದ್ರು. ಆದ್ರೆ ಮುಂದಿನ ತಿಂಗಳೇ ಸುಪ್ರೀಂ ಕೋರ್ಟ್ ಮೌಲಾನಾಗಳನ್ನ ಕರೆಸಿ ಕೇಳಿ ತನ್ನ ತೀರ್ಪಿನಿಂದ ಅವರು ಬೇಡ ಅಂದ ಪ್ಯಾರಾಗಳನ್ನ ತೆಗೆದುಹಾಕ್ತು. ಅಲ್ಲಿಯವರೆಗೆ ಸರ್ಕಾರಗಳು ಮಾತ್ರ ಬಗ್ಗಿದ್ವು, ಈಗ ಕೋರ್ಟೂ.

2025ರ ಅಕ್ಟೋಬರ್‌ನಲ್ಲಿ ಗಾಜಾ ಹೆಸರಲ್ಲಿ ಟಿಎಲ್‌ಪಿ ಮತ್ತೆ ಲಾಹೋರ್‌ನಿಂದ ಹೊರಟಾಗ ಸರ್ಕಾರ ಪೂರ್ತಿ ಉಲ್ಟಾ ದಾರಿ ಹಿಡೀತು. 13ನೇ ತಾರೀಖು ಬೆಳಗಿನ ಜಾವ ಮುರೀದ್ಕೆಯಲ್ಲಿ ಗುಂಡು, ಎಷ್ಟು ಜನ ಸತ್ರು ಅನ್ನೋದಕ್ಕೆ ಎರಡು ಕಡೆಯವರು ಎರಡು ಲೆಕ್ಕ ಹೇಳ್ತಾರೆ, ಒಬ್ಬ ಪೊಲೀಸ್ ಅಧಿಕಾರಿಯೂ ಸತ್ರು. 23ಕ್ಕೆ ಮತ್ತೆ ನಿಷೇಧ. ಇದನ್ನ ನೋಡಿ ಕೊನೆಗೂ ಸರ್ಕಾರ ಗಟ್ಟಿ ಆಯ್ತು ಅಂತ ಖುಷಿಪಟ್ಟವರು ಇದ್ದಾರೆ, ನಂಗೆ ಹಾಗೆ ಅನ್ನಿಸಲ್ಲ. ಒಂಬತ್ತು ವರ್ಷ ಬೇಡಿದ್ದೆಲ್ಲ ಕೊಟ್ಟು ಒಂದು ದಿನ ಗುಂಡು ಹೊಡೆಯೋದು, ಎರಡರಲ್ಲೂ ಕಾನೂನು ಇಲ್ಲ. ಲೌಡ್‌ಸ್ಪೀಕರಲ್ಲಿ ಕೊಲ್ಲಿ ಅಂತ ಕೂಗಿದವನ ಮೇಲೆ ಅವತ್ತೇ ಕೇಸ್, ಸುಳ್ಳು ದೂರು ಕೊಟ್ಟವನಿಗೆ ಶಿಕ್ಷೆ, ಜಡ್ಜ್‌ಗೆ ಸಾಕ್ಷಿಗೆ ವಕೀಲನಿಗೆ ರಕ್ಷಣೆ, ಬೇಸರ ತರಿಸೋ ಈ ದಿನನಿತ್ಯದ ಕೆಲಸಗಳನ್ನ ಯಾವ ಸರ್ಕಾರವೂ ಮಾಡಲಿಲ್ಲ. 295-ಸಿ ಒಂದು ಅಕ್ಷರವೂ ಬದಲಾಗದೆ ಹಾಗೇ ಇದೆ. ನಿಷೇಧ ಆದ ಸಂಘಟನೆಗೆ 2024ರಲ್ಲಿ ವೋಟ್ ಹಾಕಿದ ಲಕ್ಷಾಂತರ ಜನ ಅದೇ ಊರುಗಳಲ್ಲಿ ಇದ್ದಾರೆ, ಅವರ ಜೊತೆ ತಾಸೀರ್ ಕೊಲೆ ತಪ್ಪು ಅಂತ ಕೂತು ಮಾತಾಡಿದವರು ಇನ್ನೂ ಯಾರೂ ಇಲ್ಲ.

ಒಂದು ಘಟನೆ ಹೇಳದೆ ಬಿಟ್ಟಿದ್ದೆ. 2024ರ ಫೆಬ್ರವರಿ, ಲಾಹೋರ್‌ನ ಇಚ್ಛರಾ ಬಜಾರ್. ಗಂಡನ ಜೊತೆ ಬಂದ ಒಬ್ಬ ಹೆಂಗಸಿನ ಕುರ್ತಾ ಮೇಲೆ ಅರಬ್ಬಿ ಅಕ್ಷರದ ಡಿಸೈನ್ ಇತ್ತು, ಕುರಾನಿನ ಸಾಲು ಅಂದ್ಕೊಂಡು ಜನ ಮುತ್ತಿಕೊಂಡ್ರು. ಆಕೆ ಹೋಟೆಲ್ ಒಳಗೆ ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದಳು, ಹೊರಗೆ ನೂರಾರು ಜನ. ಶಹರ್‌ಬಾನೋ ನಖ್ವಿ ಅನ್ನೋ ಯುವ ಪೊಲೀಸ್ ಅಧಿಕಾರಿ ಬಾಗಿಲಲ್ಲಿ ನಿಂತು ಗುಂಪಿನ ಜೊತೆ ಮಾತಾಡಿ, ನಮ್ಮ ಮೇಲೆ ನಂಬಿಕೆ ಇಡಿ ಅಂತ ಹೇಳಿ, ಆಕೆಗೆ ಬಟ್ಟೆ ಹೊದೆಸಿ ತೋಳು ಹಿಡ್ಕೊಂಡು ಜನರ ಮಧ್ಯದಿಂದಲೇ ಹೊರಗೆ ತಂದ್ರು. ಗುಂಡು ಹಾರಲಿಲ್ಲ, ಒಪ್ಪಂದ ಆಗಲಿಲ್ಲ, ಒಬ್ಬರು ಅಧಿಕಾರಿ ಸರಿಯಾದ ಹೊತ್ತಿಗೆ ಬಂದು ತಮ್ಮ ಕೆಲಸ ಮಾಡಿದ್ರು, ಜೀವ ಉಳೀತು. ಆಮೇಲೆ ಸ್ಟೇಷನ್‌ನಲ್ಲಿ ಮೌಲಾನಾಗಳು ಬಂದು ಕುರ್ತಾ ನೋಡಿ ಇದರಲ್ಲಿ ಕುರಾನಿನ ಸಾಲು ಏನೂ ಇಲ್ಲ ಅಂತ ಒಪ್ಕೊಂಡ್ರು. ಅದರ ಮೇಲೆ ಬರೆದಿದ್ದ ಪದ ಹಲ್ವಾ, ಅರಬ್ಬಿಯಲ್ಲಿ ಚೆಂದ, ಸಿಹಿ ಅಂತ ಅರ್ಥ. ಇಷ್ಟು ಗೊತ್ತಾದ ಮೇಲೂ ಅದೇ ಸ್ಟೇಷನ್‌ನಲ್ಲಿ, ಮೌಲಾನಾಗಳ ಪಕ್ಕದಲ್ಲಿ ಕೂರಿಸಿ ಕ್ಯಾಮೆರಾ ಮುಂದೆ ಕ್ಷಮೆ ಕೇಳಿಸಿದ್ದು ಆ ಹೆಂಗಸಿನ ಕೈಲಿ, ಗೊತ್ತಿಲ್ಲದೆ ಆಯ್ತು, ಇನ್ನೊಂದು ಸಲ ಮಾಡಲ್ಲ ಅಂತ.